ವೀಣೆ ಲೇಖನದ ಮಾಹಿತಿಚೌಕ: ತಂತಿ ನಾಲ್ಕೋ ಏಳೋ, ವರ್ಗಸಂಖ್ಯೆ ಯಾವುದು? ಬರೆದದ್ದು ನಿಲ್ಲುತ್ತಿಲ್ಲ

ಬಿರಡೆ · ಪ್ರಶ್ನೆ

ವಿಕಿಪೀಡಿಯದ ವೀಣೆ ಲೇಖನದಲ್ಲಿ ಬಲಗಡೆಯ ಮಾಹಿತಿಚೌಕ ಒಂದು ವಾರದಿಂದ ಸ್ಥಿರವಾಗಿಲ್ಲ. ಒಬ್ಬರು ತುಂಬಿದ್ದನ್ನು ಇನ್ನೊಬ್ಬರು ಅಳಿಸುತ್ತಾರೆ, ಮೂರನೆಯವರು ಬಂದು ಹಳೆಯದಕ್ಕೇ ಮರಳಿಸುತ್ತಾರೆ. ತಕರಾರು ಇರುವ ಸಾಲುಗಳು ಇವು:

– ತಂತಿ: 4 / 7
– ಮೆಟ್ಟಿಲು (ಸ್ವರ ಹಿಡಿಯಲು ದಂಡಿಯ ಮೇಲಿರುವ ಅಡ್ಡಪಟ್ಟಿ): 24 / 22
– ಹಾರ್ನ್‌ಬೋಸ್ಟೆಲ್-ಸಾಕ್ಸ್ ಸಂಖ್ಯೆ (ವಾದ್ಯಗಳನ್ನು ರಚನೆಯಂತೆ ವಿಂಗಡಿಸುವ ವರ್ಗಸಂಖ್ಯೆ): 311.222 / 321.321-5 / 321.321-6
– ನಾದವ್ಯಾಪ್ತಿ (ಒಂದು ಸ್ಥಾಯಿ ಎಂದರೆ ಒಂದು ಷಡ್ಜದಿಂದ ಮೇಲಿನ ಷಡ್ಜದವರೆಗೆ): 3 ಸ್ಥಾಯಿ / ಮೂರೂವರೆ ಸ್ಥಾಯಿ
– ಮೂಲ: ವೇದಕಾಲ / ತಂಜಾವೂರು / ಮೈಸೂರು

ಎಲ್ಲರೂ ಉಲ್ಲೇಖ ಕೊಟ್ಟೇ ಬರೆದಿದ್ದಾರೆ. ಹಾಗಾಗಿ ಆಧಾರವಿಲ್ಲ ಎಂದು ತೆಗೆದುಹಾಕುವಂತೆಯೂ ಇಲ್ಲ. ಪುಟಕ್ಕೆ ಬೀಗ ಹಾಕಿಸುವುದೋ, ಚೌಕವನ್ನೇ ಕಿತ್ತುಹಾಕುವುದೋ?

ಮೇಣ_ಮೆಟ್ಟಿಲು

ಎರಡೂ ಬೇಡ. ಬೀಗ ಹಾಕಿದರೆ ಆ ಹೊತ್ತಿಗೆ ಯಾರ ಆವೃತ್ತಿ ಇತ್ತೋ ಅದು ಗೆದ್ದಂತೆ ಕಾಣುತ್ತದೆ; ಬೀಗ ತೆಗೆದ ದಿನ ಜಗಳ ಮತ್ತೆ ಶುರು.

ಚೌಕ ಬಿಡಿ, ಲೇಖನದ ಮೊದಲ ವಾಕ್ಯ ನೋಡಿ. "ವೀಣೆ ಭಾರತದ ಪ್ರಾಚೀನ ತಂತಿವಾದ್ಯ" ಎಂಬ ಧಾಟಿಯಲ್ಲಿದ್ದರೆ ರೋಗ ಇರುವುದೇ ಅಲ್ಲಿ. ಹಳೆಯ ಗ್ರಂಥಗಳಲ್ಲಿ ವೀಣೆ ಎಂದರೆ ಒಂದು ವಾದ್ಯವಲ್ಲ, ತಂತಿವಾದ್ಯಗಳ ಒಂದು ಕುಲ. 4ನೇ ಶತಮಾನದ ಸಮುದ್ರಗುಪ್ತನ ಚಿನ್ನದ ನಾಣ್ಯದಲ್ಲಿ ಅರಸ ನುಡಿಸುತ್ತಿರುವುದೂ ವೀಣೆಯೇ. ಆದರೆ ಅದು ಬಿಲ್ಲಿನಂತೆ ಬಾಗಿದ ಹಾರ್ಪ್ ಜಾತಿಯದು, ಅದಕ್ಕೆ ದಂಡಿಯೂ ಇಲ್ಲ, ಮೆಟ್ಟಿಲೂ ಇಲ್ಲ. ಉತ್ತರದ ರುದ್ರವೀಣೆ ಎರಡು ದೊಡ್ಡ ಸೋರೆಬುರುಡೆಗಳ ಮೇಲೆ ಕೂತ ಕೋಲು. ಗೋಟುವಾದ್ಯ ಎನ್ನುವ ಚಿತ್ರವೀಣೆಗೆ ಮೆಟ್ಟಿಲೇ ಇಲ್ಲ. ಕನ್ನಡದಲ್ಲಿ ಇವತ್ತು ನಾವು ಬರಿದೇ "ವೀಣೆ" ಎಂದಾಗ ಕಣ್ಣಮುಂದೆ ಬರುವುದು ಸರಸ್ವತಿ ವೀಣೆ ಮಾತ್ರ. ಒಂದು ಹೆಸರಿನ ಕೆಳಗೆ ನಾಲ್ಕು ವಾದ್ಯಗಳನ್ನಿಟ್ಟು "ತಂತಿ ಎಷ್ಟು" ಎಂದು ಕೇಳಿದರೆ ನಾಲ್ಕು ಉತ್ತರ ಬರುತ್ತವೆ, ನಾಲ್ಕಕ್ಕೂ ಉಲ್ಲೇಖ ಸಿಗುತ್ತದೆ.

ಕೆಲಸದ ಕ್ರಮ:

1. ಚರ್ಚೆಪುಟದಲ್ಲಿ ಹೊಸ ವಿಭಾಗ ತೆರೆದು ಒಂದೇ ಪ್ರಶ್ನೆ ಇಡಿ: ಈ ಲೇಖನ ಕುಲದ ಬಗ್ಗೆಯೋ, ಸರಸ್ವತಿ ವೀಣೆಯ ಬಗ್ಗೆಯೋ? ಸಂಖ್ಯೆಗಳ ಮಾತು ಅಲ್ಲಿ ಎತ್ತಬೇಡಿ.
2. ಏಳು ದಿನ ಕಾಯಿರಿ. ಯಾರೂ ಬರದಿದ್ದರೆ ಅರಳಿಕಟ್ಟೆಯಲ್ಲಿ (ಕನ್ನಡ ವಿಕಿಪೀಡಿಯದ ಸಾಮಾನ್ಯ ಚರ್ಚೆಯ ಪುಟ) ಕೊಂಡಿ ಹಾಕಿ ಕರೆಯಿರಿ.
3. ಕುಲ ಎಂದು ತೀರ್ಮಾನವಾದರೆ ಚೌಕದಿಂದ ತಂತಿ, ಮೆಟ್ಟಿಲು, ವ್ಯಾಪ್ತಿ ಮೂರನ್ನೂ ತೆಗೆಯಿರಿ. ಕುಲಕ್ಕೆ ತಂತಿಯ ಲೆಕ್ಕವಿಲ್ಲ. ಆ ವಿವರ ಸರಸ್ವತಿ ವೀಣೆಯ ಪ್ರತ್ಯೇಕ ಪುಟಕ್ಕೆ ಹೋಗಲಿ.
4. ಇದಾದ ಮೇಲೆ ಉಳಿದ ಸಾಲುಗಳನ್ನು ಒಂದೊಂದಾಗಿ ಎತ್ತಿಕೊಳ್ಳಿ. ಒಂದೇ ಸಂಪಾದನೆಯಲ್ಲಿ ಐದನ್ನೂ ತಿದ್ದಿದರೆ ಒಂದು ಸಾಲು ಒಪ್ಪದವರು ಐದನ್ನೂ ರದ್ದು ಮಾಡುತ್ತಾರೆ. ಇತಿಹಾಸ ಪುಟ ನೋಡಿ, ಈಗ ಆಗುತ್ತಿರುವುದು ಬಹುಪಾಲು ಇದೇ ಇರಬೇಕು.

ವರ್ಗೀಕರಣ_ಪ್ರಿಯ

ಮೇಲಿನದು ಸರಿ. ಹಾರ್ನ್‌ಬೋಸ್ಟೆಲ್-ಸಾಕ್ಸ್ ಸಂಖ್ಯೆಗೆ ಮಾತ್ರ ಬೇರೆ ಚರಿತ್ರೆ ಇದೆ.

311.222 ಬರೆದವರು ಕಲ್ಪಿಸಿಕೊಂಡು ಬರೆದದ್ದಲ್ಲ. 1914ರ ಮೂಲ ಪಟ್ಟಿಯಲ್ಲಿ 311.222 ಎಂದರೆ ಒಂದಕ್ಕಿಂತ ಹೆಚ್ಚು ಸೋರೆಬುರುಡೆ ಇರುವ ಕೋಲು-ಜಿದರ್ (ಕೋಲಿನ ಉದ್ದಕ್ಕೂ ತಂತಿ ಬಿಗಿದ ವಾದ್ಯ). ಅದಕ್ಕೆ ಉದಾಹರಣೆಯಾಗಿ ಅಲ್ಲಿ ಕೊಟ್ಟಿರುವುದೇ ಭಾರತದ "ವೀಣಾ". ಆದರೆ ಆ ವಿವರಣೆಗೆ ಹೊಂದುವುದು ಉತ್ತರದ ಬೀನ್, ಅಂದರೆ ರುದ್ರವೀಣೆ. ಹೆಸರು ನೋಡಿ ಸಂಖ್ಯೆ ಎತ್ತಿಕೊಂಡರೆ ತಪ್ಪುವುದು ಇಲ್ಲಿಯೇ.

ಸರಸ್ವತಿ ವೀಣೆಯಲ್ಲಿ ನಾದ ತುಂಬುವುದು ಮರದ ಕೊಡ. ಏಕಾಂಡ ವೀಣೆಯಲ್ಲಿ ಕೊಡ, ದಂಡಿ ಎರಡೂ ಒಂದೇ ಹಲಸಿನ ದಿಮ್ಮಿಯಿಂದ ಕೊರೆದದ್ದು. ಜೋಡಿಸಿದ ವೀಣೆಯಲ್ಲೂ ಕೊಡವನ್ನು ಬಿಡಿಸಿದರೆ ವಾದ್ಯವೇ ಉಳಿಯುವುದಿಲ್ಲ. ಕೋಲು-ಜಿದರ್ ಜಾತಿಯಲ್ಲಿ ಹಾಗಲ್ಲ, ಬುರುಡೆ ಬಿಚ್ಚಿಟ್ಟರೂ ಕೋಲು ಮತ್ತು ತಂತಿ ವಾದ್ಯವಾಗಿಯೇ ನಿಲ್ಲುತ್ತವೆ. ಇಡೀ ವಿಂಗಡಣೆ ನಿಂತಿರುವುದು ಈ ವ್ಯತ್ಯಾಸದ ಮೇಲೆ. ಆದ್ದರಿಂದ ಸರಸ್ವತಿ ವೀಣೆ 321.321, ಅಂದರೆ ಬಟ್ಟಲಿನಂಥ ನಾದಪೆಟ್ಟಿಗೆಗೆ ಕತ್ತು ಕೂಡಿದ ಲ್ಯೂಟ್.

ಯಾಳಿಮುಖದ (ದಂಡಿಯ ತುದಿಯಲ್ಲಿ ಕೆತ್ತಿದ ಸಿಂಹದಂಥ ಕಾಲ್ಪನಿಕ ಪ್ರಾಣಿಯ ಮುಖ) ಹತ್ತಿರ ತಿರುಪಿನಿಂದ ಕೂರಿಸುವ ಚಿಕ್ಕ ಬುರುಡೆ ಹಲವರನ್ನು ದಾರಿ ತಪ್ಪಿಸುತ್ತದೆ. ಅದು ಮುಖ್ಯವಾಗಿ ತೊಡೆಯ ಮೇಲೆ ಆನಿಸಿಕೊಳ್ಳಲು. ಈಗ ಕಾಗದದ ತಿರುಳಿನದೂ ಫೈಬರಿನದೂ ಬರುತ್ತದೆ. "ಎರಡು ಬುರುಡೆ ಇದೆಯಲ್ಲ" ಎಂದು 311.222 ಬರೆಯುವವರಿಗೆ ಇದನ್ನು ಚರ್ಚೆಪುಟದಲ್ಲಿ ಸಾವಧಾನವಾಗಿ ಹೇಳಿ.

ಇನ್ನು ಬಾಲದ ಅಂಕಿ. -5 ಎಂದರೆ ಬರಿಬೆರಳು, -6 ಎಂದರೆ ಮೀಟುಗೋಲು. ಉಗುರಿನಿಂದ ಮೀಟುವವರೂ ಇದ್ದಾರೆ, ಬೆರಳಿಗೆ ತಂತಿಯ ನಖ ತೊಟ್ಟು ಮೀಟುವವರೂ ಇದ್ದಾರೆ. ಇಲ್ಲಿ ಒಂದನ್ನು ಆರಿಸಿ ಹೋರಾಡುವುದು ವ್ಯರ್ಥ. 321.321 ಎಂದಷ್ಟೇ ಹಾಕಿ, ಮೀಟುವ ಎರಡೂ ಬಗೆಯನ್ನು ಲೇಖನದ ಒಡಲಲ್ಲಿ ಬರೆಯಿರಿ.

ರುದ್ರವೀಣೆಯ ಪುಟ ತಿದ್ದುವವರಿಗೆ ಒಂದು ಎಚ್ಚರಿಕೆ: ಅದರ ದಂಡಿ ಟೊಳ್ಳು, ಆದ್ದರಿಂದ ಅದು ಕೊಳವೆ-ಜಿದರ್, 312ಕ್ಕೆ ಸೇರಬೇಕು ಎಂಬ ವಾದ ಬಂದೇ ಬರುತ್ತದೆ. ಮೂಲ ಪಟ್ಟಿಯಲ್ಲೇ ಇದಕ್ಕೆ ಟಿಪ್ಪಣಿ ಇದೆ. ಕೋಲು ಆಕಸ್ಮಿಕವಾಗಿ ಟೊಳ್ಳಾಗಿದ್ದ ಮಾತ್ರಕ್ಕೆ ಕೊಳವೆ-ಜಿದರ್ ಆಗುವುದಿಲ್ಲ; ಆ ಟೊಳ್ಳೇ ನಾದಪೆಟ್ಟಿಗೆಯಾಗಿ ಕೆಲಸ ಮಾಡಬೇಕು. ವಾದಕ್ಕೆ ಇಳಿಯುವ ಮೊದಲು ಆ ಸಾಲನ್ನು ಎರಡೂ ಕಡೆಯವರು ಓದಲಿ.

ತತ_ಸುಷಿರ

ಜರ್ಮನಿಯವರ ಸಂಖ್ಯೆ ನಮಗೇಕೆ? ನಾಟ್ಯಶಾಸ್ತ್ರದಲ್ಲಿ ತತ, ಸುಷಿರ, ಅವನದ್ಧ, ಘನ ಎಂಬ ವಿಂಗಡಣೆ ಸ್ಪಷ್ಟವಾಗಿದೆ. ಕನ್ನಡ ಲೇಖನದಲ್ಲಿ "ತತ ವಾದ್ಯ" ಎಂದು ಹಾಕಿ ಉಳಿದದ್ದನ್ನು ತೆಗೆದರೆ ಈ ಜಗಳವೇ ಇರುವುದಿಲ್ಲ.

ವರ್ಗೀಕರಣ_ಪ್ರಿಯ

"ತತ ವಾದ್ಯ" ಖಂಡಿತ ಇರಬೇಕು, ಕನ್ನಡ ಓದುಗನಿಗೆ ಮೊದಲು ಕಾಣಬೇಕಾದದ್ದೂ ಅದೇ. ಆದರೆ ಅವೆರಡೂ ಒಂದನ್ನೊಂದು ತಳ್ಳುವುದಿಲ್ಲ. ಚೌಕದಲ್ಲಿ "ವರ್ಗ" ಬೇರೆ ಸಾಲು, "ಹಾರ್ನ್‌ಬೋಸ್ಟೆಲ್-ಸಾಕ್ಸ್ ಸಂಖ್ಯೆ" ಬೇರೆ ಸಾಲು. ತತ ಎಂದರೆ ತಂತಿಯಿಂದ ನುಡಿಯುವುದು ಎಂದಾಯಿತು. ಹಾರ್ಪ್, ಕೋಲು-ಜಿದರ್, ಲ್ಯೂಟ್ ಮೂರೂ ತತವೇ. ಸಮುದ್ರಗುಪ್ತನ ವೀಣೆಗೂ ಇವತ್ತಿನ ವೀಣೆಗೂ ಏನು ಬೇರೆ ಎಂದು ಹೇಳಬೇಕಾದರೆ ಇನ್ನೂ ಸೂಕ್ಷ್ಮವಾದ ಜಾಲರಿ ಬೇಕು. ಅದೊಂದೇ ಕಾರಣಕ್ಕೆ ಸಂಖ್ಯೆ ಇರಲಿ.

ಅನುಮಂದ್ರ

ತಂತಿ, ಮೆಟ್ಟಿಲು, ವ್ಯಾಪ್ತಿಗೆ ನನ್ನ ಉತ್ತರ. ಎಲ್ಲವೂ ಸರಸ್ವತಿ ವೀಣೆಗೆ ಮಾತ್ರ.

ತಂತಿ "4 + 3" ಎಂದು ಬರೆಯಿರಿ. ಮೆಟ್ಟಿಲ ಮೇಲೆ ಹಾಯುವುದು ನಾಲ್ಕು: ಸಾರಣಿ, ಪಂಚಮ, ಮಂದ್ರ, ಅನುಮಂದ್ರ. ಶ್ರುತಿ ಕ್ರಮವಾಗಿ ಮಧ್ಯ ಷಡ್ಜ, ಮಂದ್ರ ಪಂಚಮ, ಮಂದ್ರ ಷಡ್ಜ, ಅನುಮಂದ್ರ ಪಂಚಮ. ಪಕ್ಕದಲ್ಲಿ ತಾಳದ ತಂತಿ ಮೂರು: ಮಧ್ಯ ಷಡ್ಜ, ಪಂಚಮ, ತಾರ ಷಡ್ಜ. ಬರಿದೇ 7 ಎಂದರೆ ಏಳರಲ್ಲೂ ಸ್ವರ ಹಿಡಿಯುತ್ತಾರೆ ಎಂಬ ಭಾವನೆ ಬರುತ್ತದೆ. ಬರಿದೇ 4 ಎಂದರೆ ಫೋಟೋದಲ್ಲಿ ಬಿರಡೆ ಎಣಿಸಿದವರು ಮತ್ತೆ 7 ಮಾಡುತ್ತಾರೆ.

ಮೆಟ್ಟಿಲು 24. ಸ್ಥಾಯಿಗೆ 12ರಂತೆ ಎರಡು ಸ್ಥಾಯಿ. 22 ಎಲ್ಲಿಂದ ಬಂತು ಎಂದರೆ ಬಹುಶಃ 22 ಶ್ರುತಿಗಳಿಂದ, ಅಂದರೆ ಒಂದು ಸ್ಥಾಯಿಯ ಸೂಕ್ಷ್ಮ ಸ್ವರಸ್ಥಾನಗಳಿಂದ. 13ನೇ ಶತಮಾನದ ಶಾರ್ಙ್ಗದೇವ ಶ್ರುತಿಗಳನ್ನು ತೋರಿಸಿಕೊಡಲು 22 ತಂತಿಯ ವೀಣೆಗಳನ್ನು ಹೇಳುತ್ತಾನೆ. ಅಲ್ಲಿ 22 ತಂತಿಯ ಲೆಕ್ಕ, ಮೆಟ್ಟಿಲಿನದಲ್ಲ. ಅದು ಕಛೇರಿಯ ವಾದ್ಯವೂ ಅಲ್ಲ, ಪ್ರಯೋಗದ ಸಾಧನ. 22 ಬರೆದವರ ಉಲ್ಲೇಖ ತೆರೆದು ನೋಡಿ, ಆ ಭಾಗದಿಂದ ಬಂದ ಮಾತಾಗಿದ್ದರೆ ಲೇಖನದ "ಶ್ರುತಿ" ವಿಭಾಗಕ್ಕೆ ಸಾಗಿಸಿ. ಅಳಿಸಬೇಡಿ. ಸರಿಯಾದ ಮಾತು ತಪ್ಪು ಜಾಗದಲ್ಲಿದೆ, ಅಷ್ಟೆ. ಸಾಗಿಸಿದರೆ ಬರೆದವರಿಗೂ ಸಮಾಧಾನ.

ವ್ಯಾಪ್ತಿಯನ್ನು ಲೆಕ್ಕ ಹಾಕಿಯೇ ಬಿಡೋಣ. ಸಾರಣಿಯ ಬಿಡಿತಂತಿಯನ್ನು ಸೊನ್ನೆ ಎಂದಿಟ್ಟುಕೊಳ್ಳಿ. ಅದರ ಮೇಲೆ 24 ಮೆಟ್ಟಿಲು, ಅಂದರೆ 24 ಅರ್ಧಸ್ವರ. ಕೆಳಗೆ ಅನುಮಂದ್ರ ಪಂಚಮದವರೆಗೆ 17 (ಮಂದ್ರ ಷಡ್ಜಕ್ಕೆ 12, ಅಲ್ಲಿಂದ ಕೆಳಗಿನ ಪಂಚಮಕ್ಕೆ 5). ಒಟ್ಟು 41. ಮೂರು ಸ್ಥಾಯಿಗೆ 36, ಮೂರೂವರೆಗೆ 42. ಅಂದರೆ ಮೆಟ್ಟಿಲ ಲೆಕ್ಕದಲ್ಲಿ ಮೂರು ಸ್ಥಾಯಿ, ಮೇಲೊಂದು ಶುದ್ಧ ಮಧ್ಯಮದಷ್ಟು ದೂರ. ಕೊನೆಯ ಮೆಟ್ಟಿಲಲ್ಲಿ ತಂತಿ ಎಳೆದರೆ ಮೂರೂವರೆ ದಾಟುತ್ತದೆ. "ಸುಮಾರು ಮೂರೂವರೆ ಸ್ಥಾಯಿ" ಎಂದು ಹಾಕಿ, ಶ್ರುತಿ ಮಾಡುವ ಕ್ರಮಕ್ಕೆ ಉಲ್ಲೇಖ ಕೊಟ್ಟು, ಈ ಕೂಡಿಕೆಯನ್ನು ಅಡಿಟಿಪ್ಪಣಿಯಲ್ಲಿ ತೋರಿಸಿ. ಯಾರು ಬೇಕಾದರೂ ಮರಳಿ ಮಾಡಿ ನೋಡಬಹುದಾದ ಸರಳ ಕೂಡಿಕೆ "ಸ್ವಂತ ಸಂಶೋಧನೆ" ಎನಿಸುವುದಿಲ್ಲ. ಪಾಶ್ಚಾತ್ಯ ಸ್ವರದ ಹೆಸರು ಮಾತ್ರ ಬರೆಯಬೇಡಿ. ಷಡ್ಜವನ್ನು ಹಾರ್ಮೋನಿಯಂನ ಬಿಳಿ 3ಕ್ಕೆ ಇಟ್ಟರೆ ಒಂದು ಉತ್ತರ, ಬಿಳಿ 2ಕ್ಕೆ ಇಟ್ಟರೆ ಇನ್ನೊಂದು.

ಮೇಣ_ಮೆಟ್ಟಿಲು

"ಮೂಲ" ಎಂಬ ಸಾಲಿಗೆ ನನ್ನ ಸ್ಪಷ್ಟ ಅಭಿಪ್ರಾಯ: ಚೌಕದಿಂದ ತೆಗೆದುಬಿಡಿ. ಮೂರು ಪದದಲ್ಲಿ ಹೇಳುವ ವಿಷಯವಲ್ಲ ಅದು. "ವೇದಕಾಲ" ಎಂಬುದು ಹೆಸರಿನ ಪ್ರಾಚೀನತೆ, ಈ ವಾದ್ಯದ್ದಲ್ಲ. ತಂಜಾವೂರಿನ ರಘುನಾಥ ನಾಯಕ (ಆಳ್ವಿಕೆ 1600–1634) 24 ಮೆಟ್ಟಿಲನ್ನು ನಿಲ್ಲಿಸಿದ ಎಂಬ ಮಾತು ಬಹಳ ಪ್ರಚಲಿತ. ವೆಂಕಟಮಖಿಯ ಸಂಗೀತಗ್ರಂಥ ಚತುರ್ದಂಡಿ ಪ್ರಕಾಶಿಕೆಯಲ್ಲಿ ರಘುನಾಥೇಂದ್ರ ಮೇಳವೀಣೆ ಎಂಬ ಹೆಸರೇ ಇದೆ. ಆದರೆ ಅದಕ್ಕೂ ಹಿಂದೆ, 1550ರಲ್ಲಿ, ವಿಜಯನಗರದ ರಾಮಾಮಾತ್ಯ ಸ್ವರಮೇಳ ಕಲಾನಿಧಿಯಲ್ಲಿ ಎಲ್ಲ ರಾಗಗಳಿಗೂ ಒದಗುವಂತೆ ಮೆಟ್ಟಿಲು ಕೂರಿಸಿದ ವೀಣೆಯನ್ನು ವಿವರಿಸಿದ್ದಾನೆ. ಹಾಗಾಗಿ "ರಘುನಾಥ ಕಂಡುಹಿಡಿದ" ಎಂದು ನೇರವಾಗಿ ಬರೆಯುವಂತಿಲ್ಲ. "ಈಗಿನ ರೂಪ ರಘುನಾಥನ ಕಾಲದ್ದೆಂದು ಪರಂಪರೆ ಹೇಳುತ್ತದೆ" ಎನ್ನಿ, ಮುಂದಿನ ವಾಕ್ಯದಲ್ಲಿ ರಾಮಾಮಾತ್ಯನನ್ನು ತನ್ನಿ.

ತಂಜಾವೂರು ವೀಣೆಗೆ 2013ರಲ್ಲಿ ಸಿಕ್ಕ ಭೌಗೋಳಿಕ ಸೂಚಕವನ್ನು ಇಲ್ಲಿ ಸಾಕ್ಷಿಯಾಗಿ ತರುತ್ತಾರೆ. ಅದು ಅಲ್ಲಿನ ತಯಾರಿಕೆಗೆ ಸಿಕ್ಕ ಗುರುತು, ವಾದ್ಯ ಅಲ್ಲೇ ಹುಟ್ಟಿತು ಎಂಬುದಕ್ಕೆ ಪ್ರಮಾಣವಲ್ಲ. ಮೈಸೂರಿನದೂ ಅಷ್ಟೆ. ವೀಣೆ ಶೇಷಣ್ಣ (1852–1926), ದೊರೆಸ್ವಾಮಿ ಅಯ್ಯಂಗಾರ್ (1920–1997) ಇವರಿಂದ ನಾವು ಬಲ್ಲ ಮೈಸೂರು ಬಾನಿ ನುಡಿಸುವ ಶೈಲಿ. ಅದಕ್ಕೆ ಒಂದು ಪೂರ್ಣ ವಿಭಾಗ ಸಲ್ಲಬೇಕು, ಚೌಕದ ಒಂದು ಪದದಲ್ಲಿ ಅದನ್ನು ಮುಗಿಸುವುದು ಆ ಬಾನಿಗೇ ಅನ್ಯಾಯ.

ಉಲ್ಲೇಖಗಳನ್ನೂ ಒಮ್ಮೆ ಸೋಸಿ. ವಾದ್ಯ ಮಾರುವ ಅಂಗಡಿಗಳ ಜಾಲಪುಟ ಹಲವು ಸಲ ವಿಕಿಪೀಡಿಯದಿಂದಲೇ ನಕಲಾದದ್ದು. ಅದನ್ನೇ ಮತ್ತೆ ಆಧಾರವಾಗಿ ಕೊಟ್ಟರೆ ನಮ್ಮ ಮಾತಿಗೆ ನಾವೇ ಸಾಕ್ಷಿ. ಆ ವಾಕ್ಯ ಲೇಖನಕ್ಕೆ ಮೊದಲು ಸೇರಿದ ದಿನವನ್ನು ಇತಿಹಾಸ ಪುಟದಲ್ಲಿ ಹುಡುಕಿ, ಅಂಗಡಿ ಪುಟದ ಹಳೆಯ ಪ್ರತಿಯ ದಿನವನ್ನು ವೇಬ್ಯಾಕ್ ಮಷೀನ್‌ನಲ್ಲಿ ನೋಡಿ. ಲೇಖನ ಹಳೆಯದು, ಅಂಗಡಿ ಪುಟ ಹೊಸದು ಎಂದಾದರೆ, ಪದಗಳೂ ಒಂದೇ ಆಗಿದ್ದರೆ, ಉಲ್ಲೇಖ ತೆಗೆಯಿರಿ.

ಬಿರಡೆ

ಪುಟ ಬೇರೆ ಮಾಡಲು ಒಪ್ಪಿಗೆ ಸಿಕ್ಕಿತು. ಸರಸ್ವತಿ ವೀಣೆ ಪುಟದಲ್ಲಿ 321.321 ಹಾಕಿ ಉಳಿಸಿದ್ದೇನೆ. ಆದರೂ ಚೌಕದಲ್ಲಿ 311.222 ಕೂಡ ಕಾಣುತ್ತಿದೆ! ಲೇಖನದ ಕೋಡ್‌ನಲ್ಲಿ ಎಲ್ಲಿಯೂ ಅದು ಇಲ್ಲ. ಇನ್ನೊಬ್ಬ ಸಂಪಾದಕರು ನಾನೇ ಸೇರಿಸಿದ್ದೆಂದು ತಿಳಿದು ಎರಡು ಸಲ ರದ್ದು ಮಾಡಿದ್ದಾರೆ.

ವರ್ಗೀಕರಣ_ಪ್ರಿಯ

ಆ ಸಂಖ್ಯೆ ವಿಕಿಡೇಟಾದಿಂದ (ಎಲ್ಲ ಭಾಷೆಯ ವಿಕಿಪೀಡಿಯಗಳಿಗೂ ಸಾಮಾನ್ಯವಾದ ದತ್ತಾಂಶ ಭಂಡಾರ) ಬರುತ್ತಿದೆ. ಚೌಕದ ಟೆಂಪ್ಲೇಟ್ (ಸಿದ್ಧ ಅಚ್ಚು) ಕೆಲವು ಸಾಲುಗಳನ್ನು ಅಲ್ಲಿಂದ ಎಳೆದುಕೊಳ್ಳುವಂತೆ ಬರೆದಿದ್ದರೆ ಲೇಖನದಲ್ಲಿ ಎಷ್ಟು ತಿದ್ದಿದರೂ ಹೀಗೆಯೇ. ಮೊದಲು ಪುಟ ಯಾವ ವಿಕಿಡೇಟಾ ಐಟಂಗೆ ಸೇರಿದೆ ನೋಡಿ. ಕುಲದ "ವೀಣೆ", "ಸರಸ್ವತಿ ವೀಣೆ", "ರುದ್ರವೀಣೆ" ಮೂರಕ್ಕೂ ಬೇರೆ ಬೇರೆ ಐಟಂ ಇವೆ. ಪುಟ ಒಡೆದಾಗ ಹಳೆಯ ಕೊಂಡಿ ತಪ್ಪು ಐಟಂನಲ್ಲೇ ಉಳಿಯುವುದು ಸಾಮಾನ್ಯ. ಅಲ್ಲಿಂದ ಕನ್ನಡದ ಕೊಂಡಿ ತೆಗೆದು ಸರಿಯಾದ ಐಟಂಗೆ ಸೇರಿಸಿ.

ಕೊಂಡಿ ಸರಿಯಾಗಿದ್ದೂ ಸಂಖ್ಯೆ ತಪ್ಪಿದ್ದರೆ ಈ ವರ್ಗಸಂಖ್ಯೆಗೆಂದೇ ಅಲ್ಲಿರುವ ಪಿ1762 ಎಂಬ ಗುಣದ ಸಾಲಿಗೆ ಹೋಗಿ. ಹಳೆಯ ಮೌಲ್ಯವನ್ನು ಅಳಿಸಬೇಡಿ, ಅದಕ್ಕೂ ಮುದ್ರಿತ ಆಧಾರವಿದೆ ಎಂದು ಮೇಲೆ ನೋಡಿದೆವಲ್ಲ. ಹೊಸ ಮೌಲ್ಯ ಸೇರಿಸಿ, ಆಧಾರ ಕೊಟ್ಟು, ರ್‍ಯಾಂಕ್ ಅನ್ನು "ಆದ್ಯತೆ"ಗೆ ಏರಿಸಿ. ಹಳೆಯದನ್ನು "ತ್ಯಜಿತ"ಕ್ಕೆ ಇಳಿಸಿ, ಕಾರಣದ ಜಾಗದಲ್ಲಿ ಬೇರೆ ವಾದ್ಯಕ್ಕೆ ಸಂಬಂಧಿಸಿದ್ದೆಂದು ಸೂಚಿಸಿ. ಅಳಿಸಿದರೆ ಯಾವುದೋ ಬಾಟ್ (ತಾನಾಗಿ ಸಂಪಾದಿಸುವ ಪ್ರೋಗ್ರಾಂ) ಅಥವಾ ಹೊಸಬರು ಅದನ್ನೇ ಮತ್ತೆ ತಂದು ಹಾಕುತ್ತಾರೆ. ಬಳಿಕ ಕನ್ನಡ ಪುಟವನ್ನು ಪರ್ಜ್ ಮಾಡಿ (ಸರ್ವರ್ ಉಳಿಸಿಟ್ಟ ಹಳೆಯ ಪ್ರತಿಯನ್ನು ತೆರವು ಮಾಡಿ), ಇಲ್ಲದಿದ್ದರೆ ಹಳೆಯ ಪ್ರತಿಯೇ ಕೆಲ ಹೊತ್ತು ಕಾಣುತ್ತದೆ.

ಮೇಣ_ಮೆಟ್ಟಿಲು

ರದ್ದು ಮಾಡಿದವರಿಗೆ ನೀವು ಪ್ರತಿಯಾಗಿ ರದ್ದು ಮಾಡಬೇಡಿ. ಇಂಗ್ಲಿಷ್ ವಿಕಿಪೀಡಿಯದಲ್ಲಿ 24 ಗಂಟೆಯೊಳಗೆ ಒಂದೇ ಪುಟದಲ್ಲಿ ಮೂರಕ್ಕಿಂತ ಹೆಚ್ಚು ಸಲ ಮರಳಿಸಿದರೆ ನಿರ್ಬಂಧ ಬೀಳಬಹುದು. ಕನ್ನಡದಲ್ಲಿ ಸಂಪಾದಕರೇ ಕಡಿಮೆ. ಇಲ್ಲಿ ಎರಡನೆಯ ಸಲಕ್ಕೇ ನಿಲ್ಲಿಸುವುದು ಒಳ್ಳೆಯದು. ಒಬ್ಬರು ಬೇಸರಗೊಂಡು ಹೋದರೆ ಆ ಜಾಗ ತುಂಬುವವರು ಸುಲಭಕ್ಕೆ ಸಿಗುವುದಿಲ್ಲ. ಅವರ ಚರ್ಚೆಪುಟದಲ್ಲಿ ಇಷ್ಟು ಬರೆಯಿರಿ:

"311.222 ಎಂಬುದು ಲೇಖನದ ಕೋಡ್‌ನಲ್ಲಿಲ್ಲ, ವಿಕಿಡೇಟಾದಿಂದ ಬರುತ್ತಿತ್ತು. ಅಲ್ಲಿ ಸರಿಪಡಿಸಿದ್ದೇನೆ. ತಂತಿ 4 + 3, ಮೆಟ್ಟಿಲು 24 ಎಂಬುದಕ್ಕೆ ಆಧಾರವನ್ನು ಲೇಖನದ ಚರ್ಚೆಪುಟದಲ್ಲಿ ಪುಟಸಂಖ್ಯೆ ಸಹಿತ ಇಟ್ಟಿದ್ದೇನೆ. ಯಾವ ಸಾಲು ಒಪ್ಪಿಗೆಯಿಲ್ಲವೋ ಅದರ ಕೆಳಗೆ ನಿಮ್ಮ ಆಧಾರ ಹಾಕಿ, ಅಲ್ಲಿಯವರೆಗೆ ನಾನು ಚೌಕ ಮುಟ್ಟುವುದಿಲ್ಲ."

ಬಿರಡೆ

ಐಟಂ ತಪ್ಪಿತ್ತು, ಪುಟ ಕುಲದ "ವೀಣೆ"ಗೇ ಸೇರಿಕೊಂಡಿತ್ತು. ಕೊಂಡಿ ಬದಲಿಸಿ ಪರ್ಜ್ ಮಾಡಿದ ಮೇಲೆ 321.321 ಒಂದೇ ಕಾಣುತ್ತಿದೆ. ಆ ಸಂಪಾದಕರು ಉತ್ತರಿಸಿದ್ದಾರೆ. 22ರ ವಿಷಯವನ್ನು ಶ್ರುತಿ ವಿಭಾಗದಲ್ಲಿ ತಾವೇ ವಿಸ್ತರಿಸಿ ಬರೆಯುತ್ತಾರಂತೆ. "ಮೂಲ" ಸಾಲು ತೆಗೆದದ್ದಕ್ಕೆ ಒಬ್ಬರ ಆಕ್ಷೇಪ ಉಳಿದಿದೆ, ಚರ್ಚೆಪುಟದಲ್ಲಿ ನಡೆಯುತ್ತಿದೆ.

ಅನುಮಂದ್ರ

ಹಾಗಿದ್ದರೆ ಚೌಕದ ಚಿತ್ರವನ್ನೂ ಒಮ್ಮೆ ನೋಡಿಕೊಳ್ಳಿ. ಕುಲದ ಪುಟದಿಂದ ಬಂದ ಚಿತ್ರದಲ್ಲಿ ಎರಡು ದೊಡ್ಡ ಸಮ ಬುರುಡೆಗಳಿದ್ದರೆ ಅದು ರುದ್ರವೀಣೆ. ಒಂದು ತುದಿಯಲ್ಲಿ ಮರದ ಕೊಡ, ಇನ್ನೊಂದು ತುದಿಯಲ್ಲಿ ಕೆಳಕ್ಕೆ ಬಾಗಿದ ಯಾಳಿಮುಖ, ಪಕ್ಕದಲ್ಲಿ ಮೂರು ತಾಳದ ತಂತಿ ಕಾಣುವಂತಿರುವ ಚಿತ್ರವನ್ನು ವಿಕಿಮೀಡಿಯ ಚಿತ್ರಭಂಡಾರವಾದ ಕಾಮನ್ಸ್‌ನಿಂದ ಆರಿಸಿ. ತಂತಿ ಎಣಿಸಲು ಬರುವಷ್ಟು ಸ್ಪಷ್ಟವಾಗಿದ್ದರೆ "4 + 3" ಅನ್ನು ಯಾರೂ ಮತ್ತೆ ತಿದ್ದಲು ಹೋಗುವುದಿಲ್ಲ.