ಭಾರತದ ಮಹಿಳಾ ಫುಟ್ಬಾಲ್ ಟೀಮಿನ ಸಂಗೀತಾ ಬಾಸ್ಫೋರ್ ಬಗ್ಗೆ ಗೊತ್ತಿರುವವರು ಹೇಳಿ

ಕುಂಬ್ಳೆಯವ: ನನ್ನ ಅಕ್ಕನ ಮಗಳು ಮಿಡ್‌ಫೀಲ್ಡಲ್ಲಿ ಆಡ್ತಾಳೆ, ಎಲ್ರೂ ಫಾರ್ವರ್ಡಿನವರನ್ನೇ ಹೊಗಳುದು ಅಂತ ಅವಳಿಗೆ ಭಾರೀ ಬೇಜಾರು. ಸಂಗೀತಾ ಬಗ್ಗೆ ಅವಳಿಗೆ ಎಂತೆಲ್ಲ ಹೇಳ್ಬಹುದು?

ಮಂಜೇಶ್ವರ ಫುಟ್ಬಾಲ್: ಥಾಯ್ಲೆಂಡ್ ಮ್ಯಾಚ್ ತೋರಿಸಿ ಸಾಕು. 2025 ಜುಲೈ 5, ಚಿಯಾಂಗ್ ಮಾಯ್, ಅವರದ್ದೇ ಊರು ಅವರದ್ದೇ ಜನ, ಗೆದ್ದವರಿಗೆ ಮಾತ್ರ 2026ರ ಏಷ್ಯನ್ ಕಪ್, ಅಲ್ಲಿ ನಮ್ಮ ಎರಡೂ ಗೋಲು ಹೊಡೆದದ್ದು ಈ ಮಿಡ್‌ಫೀಲ್ಡರೇ! 2-1. ಕ್ವಾಲಿಫೈಯರ್ ಆಡಿ ನಮ್ಮ ಹೆಣ್ಮಕ್ಕಳು ಏಷ್ಯನ್ ಕಪ್ಪಿಗೆ ಹೋದದ್ದು ಅದೇ ಫಸ್ಟು. ಆದ್ರೆ ಗೋಲು ಮಾತ್ರ ನೋಡ್ಬೇಡಿ, ಬಾಲ್ ಇಲ್ಲದಾಗ ಅವಳು ಎಲ್ಲಿ ನಿಲ್ತಾಳೆ, ಯಾವಾಗ ಮುಂದೆ ಹೋಗ್ತಾಳೆ, ಅದನ್ನು ಮಗುವಿಗೆ ತೋರಿಸಿ.

ಬದಿಯಡ್ಕ ಅಕ್ಕ: ಅವರು ಬಂಗಾಳದ ಕಲ್ಯಾಣಿಯವರು, ಸಶಸ್ತ್ರ ಸೀಮಾ ಬಲದಲ್ಲಿ ಕೆಲಸ. ಮತ್ತೆ ಅದೇ ಟೀಮಲ್ಲಿ ನಮ್ಮ ನೀಲೇಶ್ವರದ ಕಡೆಯ ಮಾಳವಿಕಾ ಇದ್ದದ್ದು ಗೊತ್ತುಂಟಲ್ಲ? ಫಾರ್ವರ್ಡ್ ಹೌದು, ಆದ್ರೂ ನಮ್ಮ ಕಾಸರಗೋಡು ಜಿಲ್ಲೆಯ ಹುಡುಗಿ, ಅದನ್ನೂ ಹೇಳಿ.

ಕುಂಬ್ಳೆಯವ: ಥ್ಯಾಂಕ್ಸ್ ಅಕ್ಕ, ಇವತ್ತೇ ಮ್ಯಾಚ್ ಹಾಕಿ ಕೊಡ್ತೇನೆ.