ಆರ್‌ವಿ ಪ್ರವಾಸದಲ್ಲಿ ಬಂಕಿನಲ್ಲಿ ಹಣ ಕಟ್ಟುವ ಬಗೆ: ಅನುಭವ ಇರುವವರು ತಿಳಿಸಿ

ಡಲ್ಲಾಸ್‌ನಿಂದ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ಬರುವ ಜೂನ್‌ನಲ್ಲಿ ಶಿವಮೊಗ್ಗದಿಂದ ನಮ್ಮ ಅಪ್ಪ ಅಮ್ಮ ಬರುತ್ತಿದ್ದಾರೆ. ಒಟ್ಟು ಆರು ಜನ ಲಾಸ್ ವೇಗಸ್‌ನಲ್ಲಿ 28 ಅಡಿಯ ಪೆಟ್ರೋಲ್ ಆರ್‌ವಿಯೊಂದನ್ನು (ಮಲಗಲು, ಅಡುಗೆ ಮಾಡಲು ಅನುಕೂಲವಿರುವ ಮನೆಯಂಥ ಗಾಡಿ) ಬಾಡಿಗೆಗೆ ಪಡೆದು ಜಾಯನ್, ಬ್ರೈಸ್ ರಾಷ್ಟ್ರೀಯ ಉದ್ಯಾನಗಳು, ಮೋಆಬ್ ಊರು ನೋಡಿಕೊಂಡು ಯೆಲ್ಲೋಸ್ಟೋನ್‌ವರೆಗೆ ಹೋಗಬೇಕೆಂದಿದ್ದೇವೆ. ಕಳೆದ ವರ್ಷ ಎರಡು ದಿನದ ಮಟ್ಟಿಗೆ ಇಂಥದೇ ಗಾಡಿ ಓಡಿಸಿದಾಗ ಪಂಪು 75 ಡಾಲರ್‌ಗೆ ನಿಂತುಹೋಯಿತು, ಅದೇ ಕಾರ್ಡನ್ನು ಮತ್ತೆ ಹಾಕಿದರೆ ತೆಗೆದುಕೊಳ್ಳಲಿಲ್ಲ. ಡೆಬಿಟ್ ಕಾರ್ಡ್ ಬಳಸಿದ್ದಕ್ಕೆ ನಾವು ಹಾಕಿಸಿದ ಪೆಟ್ರೋಲಿನ ಬೆಲೆಗಿಂತ ಹೆಚ್ಚಿನ ಹಣ ಮೂರು ದಿನ ಖಾತೆಯಲ್ಲಿ ಸಿಕ್ಕಿಕೊಂಡಿತ್ತು. ಇಷ್ಟು ದೊಡ್ಡ ಟ್ಯಾಂಕಿಗೆ ನೀವೆಲ್ಲ ಹೇಗೆ ಹಣ ಕಟ್ಟುತ್ತೀರಿ? ಅಪ್ಪನ ಭಾರತದ ಕಾರ್ಡ್ ಅಲ್ಲಿ ನಡೆಯುತ್ತದೆಯೇ? ದಯವಿಟ್ಟು ತಿಳಿಸಿ.

ಸ್ಯಾನ್ ಹೋಸೆಯಿಂದ

ನೀವು ಹೇಳಿದ ಪರದಾಟವನ್ನು ನಾವೂ ಪಟ್ಟಿದ್ದೇವೆ. ಐದು ಬಾರಿ ಆರ್‌ವಿ ಬಾಡಿಗೆಗೆ ಪಡೆದು ಸುತ್ತಿದ ಮೇಲೆ ನಮಗೆ ಮನವರಿಕೆಯಾದದ್ದು ಏನೆಂದರೆ, ಎಷ್ಟು ಪೆಟ್ರೋಲ್ ಬರುತ್ತದೆ ಎಂಬುದು ನಳಿಕೆಯನ್ನು ಕೈಗೆತ್ತಿಕೊಳ್ಳುವ ಮೊದಲೇ ತೀರ್ಮಾನವಾಗಿರುತ್ತದೆ. ಆದ್ದರಿಂದ ನಮ್ಮ ಸಿದ್ಧತೆಯೂ ಅದಕ್ಕೆ ಮೊದಲೇ ಆಗಬೇಕು.

ಊರಿನ ಬಂಕಿನಲ್ಲಿ ಹುಡುಗ ಮೀಟರ್ ಸೊನ್ನೆಗೆ ಬಂದದ್ದನ್ನು ತೋರಿಸಿ, ಪೆಟ್ರೋಲ್ ಹಾಕಿ, ಆಮೇಲೆ ದುಡ್ಡು ತೆಗೆದುಕೊಳ್ಳುತ್ತಾನೆ. ಇಲ್ಲಿ ಹಣದ ಖಾತರಿ ಮೊದಲು, ಪೆಟ್ರೋಲ್ ಆಮೇಲೆ. ಕಾರ್ಡ್ ತೂರಿಸಿದ ಗಳಿಗೆಯಲ್ಲಿ ನೀವು ಎಷ್ಟು ಹಾಕಿಸುತ್ತೀರಿ ಎಂಬುದು ಯಾರಿಗೂ ಗೊತ್ತಿರುವುದಿಲ್ಲವಾದ್ದರಿಂದ, ಪಂಪು ಒಂದು ಅಂದಾಜು ಮೊತ್ತಕ್ಕೆ ಬ್ಯಾಂಕಿನ ಒಪ್ಪಿಗೆ ಕೇಳಿ, ಅಷ್ಟನ್ನು ನಿಮ್ಮ ಹೆಸರಿನಲ್ಲಿ ತಡೆಹಿಡಿಸುತ್ತದೆ. ಹೀಗೆ ತಡೆಹಿಡಿಯಬಹುದಾದ ಮೊತ್ತದ ಮೇಲ್ಮಿತಿಯನ್ನು ವೀಸಾ ಮತ್ತು ಮಾಸ್ಟರ್‌ಕಾರ್ಡ್ ಸಂಸ್ಥೆಗಳು 2022ರಲ್ಲಿ 125 ಡಾಲರ್‌ನಿಂದ 175 ಡಾಲರ್‌ಗೆ ಏರಿಸಿದವು. ಆದರೆ ಬಂಕಿನವರು ಅದಕ್ಕಿಂತ ಕಡಿಮೆ ಮಿತಿಯನ್ನೂ ಇಟ್ಟುಕೊಳ್ಳಬಹುದು. ಹಾಗಾಗಿಯೇ ಒಂದು ಕಡೆ 75ಕ್ಕೆ, ಇನ್ನೊಂದು ಕಡೆ 100ಕ್ಕೆ, ಮತ್ತೊಂದು ಕಡೆ 125ಕ್ಕೆ ಪಂಪು ನಿಲ್ಲುತ್ತದೆ. ಅದು ನಿಮ್ಮ ಕಾರ್ಡಿನ ದೋಷವಲ್ಲ.

ಕಾರಿಗೆ ಈ ಮಿತಿ ಸಾಮಾನ್ಯವಾಗಿ ಅಡ್ಡ ಬರುವುದಿಲ್ಲ. ಬಾಡಿಗೆಗೆ ಸಿಗುವ 28 ಅಡಿಯ ಗಾಡಿಗಳು ಹೆಚ್ಚಾಗಿ ಫೋರ್ಡ್ ಇ-450 ಚಾಸಿಸ್ ಮೇಲೆ ಕಟ್ಟಿದವು. ಅವುಗಳ ಟ್ಯಾಂಕು 55 ಗ್ಯಾಲನ್, ಅಂದರೆ ಸುಮಾರು 208 ಲೀಟರ್. ಗ್ಯಾಲನ್‌ಗೆ ನಾಲ್ಕು ಡಾಲರ್ ಎಂದಿಟ್ಟುಕೊಂಡರೂ ಪೂರ್ತಿ ಟ್ಯಾಂಕಿಗೆ 220 ಡಾಲರ್ ಬೇಕು, 125ರ ಮಿತಿಯ ಪಂಪು 31 ಗ್ಯಾಲನ್ ಕೊಟ್ಟು ಸುಮ್ಮನಾಗುತ್ತದೆ. ಗ್ಯಾಲನ್‌ಗೆ 8ರಿಂದ 10 ಮೈಲಿಯಷ್ಟೇ ಓಡುವ ಗಾಡಿಯಾದ್ದರಿಂದ ಈ ಲೆಕ್ಕ ಪ್ರತಿದಿನವೂ ಎದುರಾಗುತ್ತದೆ.

ನಾವು ಮಾಡುವುದು ಇಷ್ಟು. ಹೊರಡುವ ವಾರ ಎರಡು ಬೇರೆ ಬೇರೆ ಬ್ಯಾಂಕಿನ ಕ್ರೆಡಿಟ್ ಕಾರ್ಡುಗಳನ್ನು ಆರಿಸಿಟ್ಟುಕೊಂಡು, ಇಂತಿಂಥ ರಾಜ್ಯಗಳಲ್ಲಿ ದಿನವೂ ದೊಡ್ಡ ಮೊತ್ತದ ಪೆಟ್ರೋಲ್ ಹಾಕಿಸುತ್ತೇವೆಂದು ಎರಡೂ ಬ್ಯಾಂಕಿಗೆ ಫೋನ್ ಮಾಡಿ ತಿಳಿಸುತ್ತೇವೆ. ಪಂಪು ನಡುವೆ ನಿಂತರೆ ಅದೇ ಕಾರ್ಡನ್ನು ಮತ್ತೆ ಹಾಕದೆ ಎರಡನೆಯದನ್ನು ಹಾಕುತ್ತೇವೆ. ಒಂದೇ ಬಂಕಿನಲ್ಲಿ ಐದು ನಿಮಿಷದ ಅಂತರದಲ್ಲಿ ಎರಡು ಸಲ ಬಳಸಿದ ಕಾರ್ಡು ಕದ್ದದ್ದಿರಬಹುದೆಂದು ಬ್ಯಾಂಕಿನ ಕಂಪ್ಯೂಟರ್ ಅನುಮಾನಿಸುವುದೇ ನಿಮಗಾದ ತೊಂದರೆಗೆ ಕಾರಣವಾಗಿರಬೇಕು. ಡೆಬಿಟ್ ಕಾರ್ಡನ್ನು ಮಾತ್ರ ಪಂಪಿನ ಹತ್ತಿರಕ್ಕೂ ತರಬೇಡಿ ಎಂದು ಕಳಕಳಿಯಿಂದ ಹೇಳುತ್ತೇನೆ. ಕ್ರೆಡಿಟ್ ಕಾರ್ಡಿನಲ್ಲಿ ತಡೆಹಿಡಿದದ್ದು ಬ್ಯಾಂಕಿನ ಸಾಲದ ಮಿತಿಯೊಳಗಿನ ಲೆಕ್ಕ, ಡೆಬಿಟ್ ಕಾರ್ಡಿನಲ್ಲಿ ತಡೆಹಿಡಿದದ್ದು ನಿಮ್ಮ ಖಾತೆಯಲ್ಲಿರುವ ನಿಜವಾದ ಹಣ. ದಿನಕ್ಕೆರಡು ಸಲದಂತೆ ಮೂರು ದಿನ ಹಾಗೆ ಸಿಕ್ಕಿಕೊಂಡರೆ ಮನೆಯ ಬಾಡಿಗೆಯ ಚೆಕ್ಕೇ ವಾಪಸು ಬರಬಹುದು.

ಪಂಪು ಜಿಪ್ ಕೋಡ್ (ಇಲ್ಲಿಯ ಪಿನ್ ಕೋಡ್) ಕೇಳಿದಾಗ ನೀವು ನಿಂತಿರುವ ಊರಿನದನ್ನು ಒತ್ತಬೇಡಿ, ಕಾರ್ಡಿನ ಬಿಲ್ಲು ಯಾವ ವಿಳಾಸಕ್ಕೆ ಹೋಗುತ್ತದೆಯೋ ಅಲ್ಲಿಯದನ್ನು ಒತ್ತಬೇಕು. ಮನೆ ಬದಲಾಯಿಸಿದ ವರ್ಷ ನಾವು ಹಳೆಯ ಕೋಡನ್ನು ಮರೆತು ಹೊಸದನ್ನು ಒತ್ತಿ ಒತ್ತಿ ಕಾರ್ಡೇ ಮುಚ್ಚಿಹೋಗಿತ್ತು. ನೆವಾಡಾದ ಮಧ್ಯಾಹ್ನದ ಬಿಸಿಲಿನಲ್ಲಿ ಆ ಪರದೆಯ ಮೇಲಿನ ಅಕ್ಷರಗಳು ಕಾಣುವುದೂ ಕಷ್ಟ. ನನ್ನ ಪತ್ನಿ ಟೋಪಿಯನ್ನು ಪರದೆಗೆ ಅಡ್ಡ ಹಿಡಿದು ನಿಲ್ಲುತ್ತಾಳೆ, ನಾನು ಒಂದೊಂದೇ ಪ್ರಶ್ನೆಗೆ ಉತ್ತರ ಒತ್ತುತ್ತೇನೆ. ಸದಸ್ಯತ್ವ ಇದೆಯೇ, ಕಾರು ತೊಳೆಸಬೇಕೇ, ರಸೀದಿ ಬೇಕೇ ಎಂದು ಅದು ಕೇಳುತ್ತಲೇ ಹೋಗುತ್ತದೆ, ತಡ ಮಾಡಿದರೆ ಮತ್ತೆ ಮೊದಲಿಗೆ ಮರಳುತ್ತದೆ.

ಇದೆಲ್ಲ ಬೇಡವೆನಿಸಿದರೆ ನೇರವಾಗಿ ಒಳಗೆ ಹೋಗಿ ಕೌಂಟರಿನಲ್ಲಿ ಪಂಪಿನ ಸಂಖ್ಯೆ ಹೇಳಿ 180 ಡಾಲರ್‌ಗೆ ಎಂದು ಮೊದಲೇ ಕಟ್ಟಿಬಿಡಿ. ಪಂಪಿನ ಮಿತಿ ಅದಕ್ಕೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ.

ಮೈಸೂರಿನಿಂದ

ನಾನು ನಿವೃತ್ತ ಬ್ಯಾಂಕ್ ನೌಕರ. ಮಗನ ಸಂಸಾರದೊಂದಿಗೆ ಎರಡು ಸಲ ಇಂಥ ಪ್ರವಾಸ ಮಾಡಿ ಬಂದಿದ್ದೇನೆ. ಶಿವಮೊಗ್ಗದಿಂದ ಬರುವ ಹಿರಿಯರ ಕಾರ್ಡಿನ ಬಗ್ಗೆ ಮಾತ್ರ ಬರೆಯುತ್ತೇನೆ.

ನಮ್ಮ ಪಿನ್ ಕೋಡ್ ಆರು ಅಂಕಿಯದು, ಅಲ್ಲಿಯ ಪಂಪು ಕೇಳುವುದು ಐದು ಅಂಕಿ. ಶಿವಮೊಗ್ಗದ 577201 ಅನ್ನು ಹೇಗೆ ಕತ್ತರಿಸಿ ಒತ್ತಿದರೂ ಪ್ರಯೋಜನವಿಲ್ಲ, ಏಕೆಂದರೆ ಅದನ್ನು ತಾಳೆ ನೋಡುವ ವ್ಯವಸ್ಥೆ ನಮ್ಮ ದೇಶದ ವಿಳಾಸಗಳಿಗೆ ನಡೆಯುವುದಿಲ್ಲ. ಪಂಪಿನೆದುರು ನಿಂತು ಪ್ರಯೋಗ ಮಾಡುವ ಬದಲು ಒಳಗೆ ಹೋಗಿ ಕಟ್ಟುವುದೇ ದಾರಿ. ಕೌಂಟರಿನ ಯಂತ್ರ ಜಿಪ್ ಕೋಡ್ ಕೇಳಲಿಲ್ಲ, ಚಿಪ್ ಇರುವ ನನ್ನ ಕಾರ್ಡು ಪ್ರತಿ ಸಲವೂ ನಡೆಯಿತು. ಆದರೆ ಸಣ್ಣ ಊರುಗಳಲ್ಲಿ ರಾತ್ರಿಯಾದರೆ ಅಂಗಡಿ ಮುಚ್ಚಿರುತ್ತದೆ, ಪಂಪು ಮಾತ್ರ ಕಾರ್ಡಿಗೆ ತೆರೆದಿರುತ್ತದೆ. ಆದ್ದರಿಂದ ಭಾರತದ ಕಾರ್ಡನ್ನು ನೆಚ್ಚಿಕೊಂಡವರು ಹಗಲಿನಲ್ಲಿಯೇ ಟ್ಯಾಂಕು ತುಂಬಿಸಿಕೊಳ್ಳಬೇಕು.

ಹೊರಡುವ ಮೊದಲು ಊರಿನಲ್ಲಿ ಮಾಡಬೇಕಾದ ಕೆಲಸವೂ ಒಂದಿದೆ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 2020ರ ಅಕ್ಟೋಬರ್‌ನಿಂದ ಹೊಸದಾಗಿ ಕೊಡುವ ಕಾರ್ಡುಗಳಲ್ಲಿ ವಿದೇಶದ ಬಳಕೆಯನ್ನು ಮೊದಲಿಗೆ ಮುಚ್ಚಿಟ್ಟಿರುತ್ತಾರೆ, ಗ್ರಾಹಕರೇ ಅದನ್ನು ತೆರೆಯಬೇಕು. ವಿಮಾನ ಹತ್ತುವ ಮುನ್ನ ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ತೆರೆದು, ದಿನದ ಮಿತಿಯನ್ನೂ ನೋಡಿಕೊಳ್ಳಲಿ. ಮೊದಲ ಪ್ರವಾಸದಲ್ಲಿ ನಾನು ಫಾರೆಕ್ಸ್ ಕಾರ್ಡನ್ನು ಪಂಪಿಗೆ ಹಾಕಿದ್ದೆ. ತೈಲ ಬರಲೇ ಇಲ್ಲ, ಆದರೆ ತಡೆಹಿಡಿದ ಡಾಲರ್‌ಗಳು ವಾಪಸು ಬರುವ ಹೊತ್ತಿಗೆ ನಾನು ಮೈಸೂರಿಗೆ ಬಂದಾಗಿತ್ತು. ಮುಂಗಡವಾಗಿ ತುಂಬಿಸಿದ ಕಾರ್ಡಿನಲ್ಲಿ ಇರುವುದೇ ಎಣಿಸಿದ ಹಣವಾದ್ದರಿಂದ ಅದನ್ನು ಪಂಪಿಗೆ ತೋರಿಸುವುದು ಸರಿಯಲ್ಲ, ಊಟ ತಿಂಡಿಗೆ ಇಟ್ಟುಕೊಳ್ಳಲಿ.

ಒಳಗೆ ಕಟ್ಟುವಾಗ ಟ್ಯಾಂಕು ಹಿಡಿಯುವುದಕ್ಕಿಂತ ಸ್ವಲ್ಪ ಕಡಿಮೆ ಮೊತ್ತ ಹೇಳುವುದು ಒಳ್ಳೆಯದು. ಹೆಚ್ಚಾಗಿ ಕಟ್ಟಿದ್ದು ಕಾರ್ಡಿಗೆ ಮರಳಲು ಕೆಲವು ದಿನ ಹಿಡಿಯುತ್ತದೆ. ನಗದು ಕೊಟ್ಟಿದ್ದರೆ ಮತ್ತೆ ಒಳಗೆ ಹೋಗಿ ಚಿಲ್ಲರೆ ಕೇಳಬೇಕು, ಅವರಾಗಿಯೇ ಹೊರಗೆ ತಂದುಕೊಡುವುದಿಲ್ಲ. ಪಂಪಿನ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಹದಿನಾಲ್ಕನೆಯ ಪಂಪಿನಲ್ಲಿ ಗಾಡಿ ನಿಲ್ಲಿಸಿ ನಾಲ್ಕು ಎಂದು ಹೇಳಿ ನಾನು 150 ಡಾಲರ್ ಕಟ್ಟಿದ್ದೆ. ನಾಲ್ಕನೆಯ ಪಂಪಿನಲ್ಲಿ ನಿಂತಿದ್ದ ಹೆಣ್ಣುಮಗಳು ತಾನು ಕಟ್ಟಿದ್ದು 20 ಮಾತ್ರ ಎಂದು ಒಳಗೆ ಬಂದು ಹೇಳಿದ್ದರಿಂದ ನನ್ನ ಹಣ ಉಳಿಯಿತು. ಆಕೆಯನ್ನು ಇಂದಿಗೂ ನೆನೆಯುತ್ತೇನೆ.

ಡೆನ್ವರ್‌ನಿಂದ

ಮೇಲಿನವರು ಹೇಳಿದ್ದೆಲ್ಲ ಪೆಟ್ರೋಲ್ ಗಾಡಿಗೆ ಸರಿ. ನಮ್ಮದು ಸ್ವಂತ ಡೀಸೆಲ್ ಗಾಡಿ, 100 ಗ್ಯಾಲನ್ ಟ್ಯಾಂಕು. ನಾವು ಕಾರುಗಳ ಸಾಲಿಗೆ ಹೋಗುವುದೇ ಇಲ್ಲ. ಪೈಲಟ್ ಫ್ಲೈಯಿಂಗ್ ಜೆ, ಲವ್ಸ್ ಮುಂತಾದ ಹೆದ್ದಾರಿ ಟ್ರಕ್ ನಿಲ್ದಾಣಗಳ ಹಿಂಬದಿಗೆ ಲಾರಿಗಳೊಂದಿಗೆ ಸಾಲು ನಿಲ್ಲುತ್ತೇವೆ. ಅಲ್ಲಿ ತಿರುಗಲು ಜಾಗವಿದೆ, ಛಾವಣಿ ಎತ್ತರವಿದೆ, ಡೀಸೆಲ್ ರಭಸವಾಗಿ ಬರುತ್ತದೆ. ಆದರೆ ಆ ಪಂಪುಗಳು ಕೇಳುವ ಪ್ರಶ್ನೆಗಳು ಲಾರಿ ಕಂಪನಿಗಳಿಗೆ ಹೇಳಿ ಮಾಡಿಸಿದಂಥವು. ಕಂಪನಿ ಯಾವುದು, ಲಾರಿಯ ಸಂಖ್ಯೆ ಏನು, ಸರಕನ್ನು ತಂಪಾಗಿಡುವ ಪೆಟ್ಟಿಗೆಗೂ ಡೀಸೆಲ್ ಬೇಕೇ ಎಂದು ಕೇಳುತ್ತವೆ. ಕೆಲವೆಡೆ ಸಾಮಾನ್ಯ ಕ್ರೆಡಿಟ್ ಕಾರ್ಡನ್ನು ಒಳಗೇ ಕೊಟ್ಟು ಬರಬೇಕಾಗುತ್ತದೆ. ನೀವು ಕೊನೆಯ ಗಳಿಗೆಯಲ್ಲಿ ಮರ್ಸಿಡಿಸ್ ಸ್ಪ್ರಿಂಟರ್‌ನಂಥ ಸಣ್ಣ ಡೀಸೆಲ್ ಗಾಡಿಗೆ ಬದಲಾಯಿಸಿದರೆ ಲಾರಿಯ ಸಾಲಿಗೆ ಹೋಗಬೇಡಿ, ಅಲ್ಲಿಯ ದಪ್ಪ ನಳಿಕೆ ನಿಮ್ಮ ಟ್ಯಾಂಕಿನ ಬಾಯಿಗೆ ಹಿಡಿಸುವುದಿಲ್ಲ.

ಫಲಕದಲ್ಲಿ ಒಂದೇ ತೈಲಕ್ಕೆ ಎರಡು ಬೆಲೆ ಕಂಡರೆ ಸಾಮಾನ್ಯವಾಗಿ ಕಡಿಮೆ ಇರುವುದು ನಗದಿನ ಬೆಲೆ, ಹೆಚ್ಚಿನದು ಕಾರ್ಡಿನದು. ಗ್ಯಾಲನ್‌ಗೆ ಹತ್ತು ಸೆಂಟಿನ ವ್ಯತ್ಯಾಸವೆಂದರೂ 50 ಗ್ಯಾಲನ್‌ಗೆ ಐದು ಡಾಲರ್ ಆಗುತ್ತದೆ. ಕಾಸ್ಟ್‌ಕೋ ಎಂಬ ಸಗಟು ಮಳಿಗೆಯ ಬಂಕು ಅಗ್ಗವೆಂದು ಎಲ್ಲರೂ ಹೇಳುತ್ತಾರೆ. ಆದರೆ ಸದಸ್ಯತ್ವ ಬೇಕು, ಕ್ರೆಡಿಟ್ ಕಾರ್ಡುಗಳಲ್ಲಿ ವೀಸಾ ಮಾತ್ರ ನಡೆಯುತ್ತದೆ, ಪಂಪಿನಲ್ಲಿ ನಗದು ತೆಗೆದುಕೊಳ್ಳುವುದಿಲ್ಲ, ಮೇಲಾಗಿ ಒತ್ತೊತ್ತಾಗಿ ನಿಂತ ಕಾರುಗಳ ನಡುವೆ 28 ಅಡಿಯ ಗಾಡಿ ತಿರುಗಿಸುವುದು ಪ್ರಯಾಸ.

ಎಡಿಸನ್‌ನಿಂದ

ಪೂರ್ವ ಕರಾವಳಿಯ ಕಡೆ ಬರುವವರಿಗೆ ಒಂದೇ ಮಾತು. ನ್ಯೂಜೆರ್ಸಿಯಲ್ಲಿ 1949ರಿಂದ ಪೆಟ್ರೋಲನ್ನು ನಾವೇ ಹಾಕಿಕೊಳ್ಳುವಂತಿಲ್ಲ. ಗಾಡಿಯಲ್ಲೇ ಕುಳಿತು ಕಾರ್ಡ್ ಕೈಗೆ ಕೊಟ್ಟು ಮೊತ್ತ ಹೇಳಿದರೆ ಸಾಕು, ನಮ್ಮ ಅಮ್ಮನಿಗೆ ಊರಿನ ಬಂಕಿಗೇ ಬಂದಂತಾಯಿತು. ಆರೆಗನ್‌ನಲ್ಲೂ 1951ರಿಂದ ಹೀಗೆಯೇ ಇತ್ತು, 2023ರಲ್ಲಿ ಅಲ್ಲಿ ಸ್ವಂತವಾಗಿ ಹಾಕಿಕೊಳ್ಳಲು ಅವಕಾಶ ಕೊಟ್ಟರು.

ಸಾಲ್ಟ್ ಲೇಕ್ ಸಿಟಿಯಿಂದ

ನೀವು ಹಿಡಿದಿರುವ ದಾರಿಯಲ್ಲೇ ನಮ್ಮ ಮನೆ ಇರುವುದರಿಂದ ಬರೆಯುತ್ತಿದ್ದೇನೆ. ಬ್ರೈಸ್‌ನಿಂದ ಮೋಆಬ್‌ಗೆ ಹೋಗುವಾಗ ಇಂಟರ್‌ಸ್ಟೇಟ್ 70ರಲ್ಲಿ ಸಲೈನಾ ಊರು ಬಿಟ್ಟ ಮೇಲೆ ಗ್ರೀನ್ ರಿವರ್ ತಲುಪುವವರೆಗೆ ನೂರಕ್ಕೂ ಹೆಚ್ಚು ಮೈಲಿ ಒಂದೇ ಒಂದು ಬಂಕು ಇಲ್ಲ. ಸಲೈನಾದಲ್ಲಿ ಕಾರ್ಡು ನಡೆಯಲಿಲ್ಲವೆಂದು ಅರ್ಧ ಟ್ಯಾಂಕಿನಲ್ಲಿ ಹೊರಡುವ ಸಾಹಸ ಬೇಡ. ಗಾಡಿಯೊಳಗಿನ ಜನರೇಟರ್ ಕೂಡ ಅದೇ ಟ್ಯಾಂಕಿನಿಂದ ಕುಡಿಯುತ್ತದೆ, ಕಾಲು ಟ್ಯಾಂಕಿಗೆ ಬಂದರೆ ಅದು ನಿಂತುಹೋಗುತ್ತದೆ, ಜೂನ್‌ನ ಬಿಸಿಲಿನಲ್ಲಿ ವಯಸ್ಸಾದವರಿಗೆ ಎಸಿ ಇಲ್ಲದಂತಾಗುತ್ತದೆ. ನಾವು ಅರ್ಧಕ್ಕೆ ಇಳಿದ ಕೂಡಲೇ ತುಂಬಿಸುತ್ತೇವೆ. ಅದರಿಂದ ಇನ್ನೊಂದು ಅನುಕೂಲವೂ ಇದೆ: ಅರ್ಧ ಟ್ಯಾಂಕಿಗೆ 27 ಗ್ಯಾಲನ್ ಸಾಕು, ಗ್ಯಾಲನ್‌ಗೆ ನಾಲ್ಕು ಡಾಲರ್‌ನಂತೆ 108 ಡಾಲರ್. ಬಹಳಷ್ಟು ಪಂಪುಗಳ ಮಿತಿಯೊಳಗೇ ಕೆಲಸ ಮುಗಿಯುತ್ತದೆ, ಎರಡನೆಯ ಕಾರ್ಡಿನ ಪ್ರಸಂಗವೇ ಬರುವುದು ಕಡಿಮೆ. ನನ್ನ ಮಟ್ಟಿಗೆ ಇದಕ್ಕಿಂತ ಸುಲಭವಾದ ಪರಿಹಾರ ಬೇರೆ ಇಲ್ಲ.

ಕಾರ್ಡಿನ ಮಾಹಿತಿ ಕದಿಯುವ ಸಾಧನಗಳನ್ನು ಪಂಪಿಗೆ ಅಂಟಿಸುವವರು ಇದ್ದಾರೆ. ವೀಸಾ ಮತ್ತು ಮಾಸ್ಟರ್‌ಕಾರ್ಡ್‌ನವರು 2021ರ ಏಪ್ರಿಲ್‌ನಿಂದ ಚಿಪ್ ಓದದ ಪಂಪುಗಳಲ್ಲಿ ಆಗುವ ವಂಚನೆಯ ಹೊಣೆಯನ್ನು ಬಂಕಿನವರ ಮೇಲೆ ಹೊರಿಸಿದ ಮೇಲೆ ಚಿಪ್ ಓದುವ ಪಂಪುಗಳು ಹೆಚ್ಚಾಗಿವೆ. ಆದರೂ ಕಾರ್ಡನ್ನು ತೂರಿಸುವ ಬದಲು ಸಾಧ್ಯವಿದ್ದಲ್ಲಿ ಮೇಲೆ ತಾಕಿಸಿ. ಶೆಲ್, ಎಕ್ಸಾನ್ ಮೊಬಿಲ್ ಆ್ಯಪ್‌ಗಳಲ್ಲಿ ಫೋನಿನಿಂದಲೇ ಪಂಪನ್ನು ತೆರೆಯಬಹುದು, ಆದರೆ ಕಣಿವೆಗಳಲ್ಲಿ ಸಿಗ್ನಲ್ ಇಲ್ಲದಿರುವುದರಿಂದ ಅದೊಂದನ್ನೇ ನಂಬಿ ಕೂರಬಾರದು.

ನಿಮ್ಮ ತಂದೆಯವರಿಗೆ ಒಂದು ಮಾತು ಮೊದಲೇ ಹೇಳಿಡಿ. ಇಲ್ಲಿಯವರು ಗ್ಯಾಸ್ ಎನ್ನುವುದು ಪೆಟ್ರೋಲಿಗೆ. ಒಲೆಗೆ ಬೇಕಾದ ಪ್ರೊಪೇನ್ ಬೇರೆ, ಅದನ್ನು ಸಿಬ್ಬಂದಿಯೇ ಬಂದು ತುಂಬಿಸುತ್ತಾರೆ, ಅದರ ಹಣವನ್ನು ಒಳಗೆ ಬೇರೆಯಾಗಿ ಕಟ್ಟಬೇಕು. ಬಂಕಿನೊಳಗೆ ಗಾಡಿ ತಿರುಗಿಸುವ ಮೊದಲು ಪ್ರೊಪೇನ್ ಕವಾಟವನ್ನು ಮುಚ್ಚುವ ಕೆಲಸವನ್ನು ನಮ್ಮ ಮಾವ ತಾವೇ ವಹಿಸಿಕೊಂಡಿದ್ದರು, ಒಂದು ದಿನವೂ ತಪ್ಪಿಸಲಿಲ್ಲ.

ವಾಪಸು ಕೊಡುವಾಗ ಟ್ಯಾಂಕಿನಲ್ಲಿ ತೆಗೆದುಕೊಂಡಾಗ ಇದ್ದಷ್ಟೇ ಇರಬೇಕೆಂದು ಬಾಡಿಗೆಯವರು ಕೇಳುತ್ತಾರೆ. ಮೊದಲ ದಿನವೇ ಪೆಟ್ರೋಲ್ ಮೀಟರಿನ ಮುಳ್ಳಿನ ಫೋಟೋ ತೆಗೆದಿಟ್ಟುಕೊಳ್ಳಿ, ಕೊನೆಯ ಬಂಕಿನ ರಸೀದಿಯನ್ನು ಎಸೆಯಬೇಡಿ. ಪಂಪಿನಲ್ಲಿ ಕಾಗದ ಮುಗಿದು ರಸೀದಿ ಬಾರದಿದ್ದರೆ ಒಳಗೆ ಕೇಳಿದರೆ ಕೊಡುತ್ತಾರೆ. ಸಾಲ್ಟ್ ಲೇಕ್ ಮೂಲಕ ಉತ್ತರಕ್ಕೆ ಹೋಗುವ ದಿನ ಮುಂಚಿತವಾಗಿ ತಿಳಿಸಿದರೆ, ಗಾಡಿ ಸುಲಭವಾಗಿ ನಿಲ್ಲುವ, ಒಳಗೆ ಭಾರತದ ಕಾರ್ಡು ನಡೆದ ಎರಡು ಬಂಕುಗಳನ್ನು ನಾನೇ ತೋರಿಸಿಕೊಡುತ್ತೇನೆ. ಊಟಕ್ಕೂ ನಮ್ಮ ಮನೆಗೇ ಬನ್ನಿ.