ಉತ್ತರ: ಹಳೇ ಬಸ್ ನಿಲ್ದಾಣದ ಬೋರ್ಡಿಗೆ ತುರ್ತಾಗಿ ಒಂದು ಪದ ಬೇಕು

> ವಿಜಯಪುರದ ಕಡೆ ಪಾಳು ಬಿದ್ದಿದ್ದ ಬಸ್ ನಿಲ್ದಾಣವನ್ನು ವಾಚನಾಲಯ ಮಾಡುತ್ತಿದ್ದಾರೆ. ಹೀಗೆ ಹಳೇ ಕಟ್ಟಡ ಉಳಿಸಿಕೊಂಡು ಬೇರೆ ಕೆಲಸಕ್ಕೆ ಬಳಸುವ ‘ಅಡಾಪ್ಟಿವ್ ರೀಯೂಸ್’ಗೆ ಕನ್ನಡ ಏನು? ಪೇಂಟರ್ ನಾಳೆ ಬರುತ್ತಾನೆ.

‘ಮರುಬಳಕೆ’ ಬೇಡ. ‘ಮರು’ ಬಂದರೆ ಅದೇ ಕೆಲಸ ಇನ್ನೊಮ್ಮೆ: ಮರುಮುದ್ರಣ, ಮರುಎಣಿಕೆ, ಮರುಪರೀಕ್ಷೆ. ಇಲ್ಲಿಗೆ ಬಸ್ಸು ಮತ್ತೆ ಬರುವುದಿಲ್ಲ, ಅಲ್ವಾ? ಕಂಬ, ಛಾವಣಿ ಉಳಿಸಿಕೊಂಡು ಒಳಗಿನ ಕೆಲಸ ಬದಲಿಸುತ್ತಿದ್ದಾರೆ. ‘ಜೀರ್ಣೋದ್ಧಾರ’ವೂ ಒಗ್ಗದು. ಗುಡಿ ಜೀರ್ಣೋದ್ಧಾರವಾದರೆ ಒಳಗೆ ಅದೇ ದೇವರು, ಅದೇ ಪೂಜೆ. ‘ಹೊಂದಾಣಿಕೆಯ ಮರುಬಳಕೆ’ ಸುಮ್ನೆ ಇಂಗ್ಲಿಷಿಗೆ ಕನ್ನಡ ಅಕ್ಷರ ತೊಡಿಸಿದ್ದು. ‘ಮಾರ್ಪಾಡು’ ನೋಡಿ ಕಟ್ಟಿದ ‘ಮಾರ್ಬಳಕೆ’ ವ್ಯಾಕರಣಕ್ಕೆ ಸರಿ, ಆದರೆ ದಾರಿಹೋಕರು ಕಟ್ಟಡ ಮಾರಾಟಕ್ಕಿದೆ ಅಂದುಕೊಳ್ಳುತ್ತಾರೆ.

ನನ್ನ ಆಯ್ಕೆ ‘ಹೊಸಬಳಕೆ’. ಹೊಸಗನ್ನಡದ ಹಾಗೆ ಒಂದೇ ಪದವಾಗಿ ಬರೆಯಿರಿ. ವರದಿಗೂ ಕರಪತ್ರಕ್ಕೂ ಆಗುತ್ತದೆ.

‘ಬಸ್’ ತೆಗೆದುಹಾಕಿ, ಅಚ್ಚಗನ್ನಡದ ‘ನಿಲ್ದಾಣ’ ಒಂದೇ ಸಾಕು ಅಂದವರಿಗೆ: ನಿಲ್ದಾಣ ಅಚ್ಚಗನ್ನಡ ಅಲ್ಲ. ‘ನಿಲ್’ ನಮ್ಮದು, ‘ತಾಣ’ ಸಂಸ್ಕೃತದ ‘ಸ್ಥಾನ’ದ ತದ್ಭವ. ಪೊಲೀಸರ ಠಾಣೆಯೂ ಅದೇ ಬೇರಿನದು. ‘ಬಸ್’ ಲ್ಯಾಟಿನ್ನಿನ ‘ಓಮ್ನಿಬಸ್’ನಿಂದ ಉಳಿದ ಬಾಲ. ಓಮ್ನಿಬಸ್ ಅಂದರೆ ಎಲ್ಲರಿಗಾಗಿ. ಕಿತ್ತು ಹಾಕುವಂಥ ಪದ ಅಲ್ಲ ಅದು. ವಿಜಯಪುರದಲ್ಲಿ ನಿಂತು ಎರವಲು ಪದ ಬೇಡ ಅನ್ನುವುದು ನನಗೆ ಅರ್ಥವೇ ಆಗುವುದಿಲ್ಲ. ದರವಾಜಾ, ದುರಸ್ತಿ, ಇಮಾರತ್ತು ಬಿಟ್ಟು ಅಲ್ಲಿ ಒಂದು ಕಟ್ಟಡದ ಬಗ್ಗೆ ಮಾತಾಡಿ ನೋಡೋಣ.

ಅದಿರಲಿ, ಬೋರ್ಡಿನ ಮೇಲೆ ‘ಹೊಸಬಳಕೆ’ಯೂ ಬೇಕಿಲ್ಲ. ಆ ಊರಿನ ಪದ್ಧತಿಯೇ ದಾರಿ ತೋರಿಸುತ್ತದೆ. 1646ರ ಸುಮಾರಿಗೆ ನ್ಯಾಯ ಕೇಳಲು ಕಟ್ಟಿಸಿದ್ದು ದಾದ್ ಮಹಲ್. ಮುಂದೆ ಪ್ರವಾದಿಯ ಪವಿತ್ರ ಕೂದಲನ್ನು ಅಲ್ಲಿಟ್ಟಾಗ ಅದು ಅಸಾರ್ ಮಹಲ್ ಆಯಿತು. ಅಸಾರ್ ಅಂದರೆ ಪವಿತ್ರ ಕುರುಹುಗಳು. ಕೆಲಸ ಬದಲಾದಾಗ ಹೆಸರಿನ ಮೊದಲ ಅರ್ಧ ಬದಲಾಯಿತು, ‘ಮಹಲ್’ ಉಳಿಯಿತು. ಗೋಳಗುಮ್ಮಟದ ಎದುರಿನ ನಗಾರಖಾನೆಯಲ್ಲಿ, ಅಂದರೆ ನಗಾರಿ ಬಾರಿಸುವ ಕಟ್ಟಡದಲ್ಲಿ, 1892ರಲ್ಲಿ ಮ್ಯೂಸಿಯಂ ಶುರುವಾಯಿತು, ಜನ ಈಗಲೂ ನಗಾರಖಾನೆ ಅಂತಲೇ ಕರೆಯುತ್ತಾರೆ. ಪ್ಯಾರಿಸ್ಸಿನವರೂ ಹಾಗೇ ಮಾಡಿದರು. 1900ರಲ್ಲಿ ತೆರೆದ ಒರ್ಸೇ ರೈಲು ನಿಲ್ದಾಣ 1986ರಲ್ಲಿ ಒರ್ಸೇ ಮ್ಯೂಸಿಯಂ ಆಯಿತು. ಜನರ ಬಾಯಲ್ಲಿರುವ ಹೆಸರನ್ನು ಅಳಿಸಿದರೆ ಕಟ್ಟಡದ ಅರ್ಧ ನೆನಪನ್ನೇ ಕೆಡವಿದ ಹಾಗೆ.

ಆದ್ದರಿಂದ ದೊಡ್ಡ ಅಕ್ಷರದಲ್ಲಿ ‘ಹಳೇ ಬಸ್ ನಿಲ್ದಾಣ ವಾಚನಾಲಯ’ ಅಂತ ಬರೆಸಿ. ‘ಓದುದಾಣ’ ಬೇಡ, ಆ ಕಡೆ ವಾಚನಾಲಯ ಎಲ್ಲರಿಗೂ ಗೊತ್ತು. ‘ಹಳೇ’ಯನ್ನು ‘ಹಳೆಯ’ ಅಂತ ತಿದ್ದಲೂಬೇಡಿ. ಆಟೋದವರಿಗೆ ಹೇಳುವುದು ‘ಹಳೇ’ ಅಂತಲೇ. ‘ಲ್ದಾ’ದಲ್ಲಿ ಒತ್ತಕ್ಷರ ತಪ್ಪುವುದು ಜಾಸ್ತಿ. ಪೇಂಟರಿಗೆ ಅಚ್ಚು ಹಾಕಿಸಿದ ಹಾಳೆಯನ್ನೇ ಕೊಡಿ.